ಆಕಾಶದಲ್ಲಿ 14 ಸಾವಿರ ಕಿ.ಮೀ., ನೆಲದ ಮೇಲೆ 100 ಕಿ.ಮೀ.: ರಾಮನಗರದಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ರಾಮನಗರ: ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಎಷ್ಟು ದೂರ, ಎಷ್ಟು ಹೊತ್ತಿನ ಪಯಣ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಇಂದು ಬೆಂಗಳೂರಿನ ಬಡಾವಣೆಗಳಲ್ಲಿ ಮಾತ್ರ ಇಲ್ಲ. ಮಗ ಕ್ಯಾಲಿಫೋರ್ನಿಯದಲ್ಲಿ ಎಂಜಿನಿಯರ್, ಸೊಸೆಗೆ ಹೆರಿಗೆ, ತಾಯಿ ಹೊರಡಬೇಕು ಎಂಬ ಸನ್ನಿವೇಶ ಚನ್ನಪಟ್ಟಣದಲ್ಲೂ ಉಂಟು, ಕನಕಪುರದಲ್ಲೂ ಉಂಟು. ಲೆಕ್ಕ ತಿರುವುಮುರುವಾದಾಗ, ಅಂದರೆ ಊರಿನಲ್ಲಿ ತಂದೆ ತೀರಿಕೊಂಡು ಅಲ್ಲಿಂದ ಮಗ ಹೊರಟಾಗ, ಅಂತ್ಯಕ್ರಿಯೆಯನ್ನು ಎಷ್ಟು ಹೊತ್ತು ತಡೆಯಬೇಕು ಎಂಬ ಪ್ರಶ್ನೆ ಮನೆಯ ಹಿರಿಯರ ಮುಂದೆ ಬಂದು ನಿಲ್ಲುತ್ತದೆ. ದೂರ ಮತ್ತು ಸಮಯದ ನಿಖರ ಲೆಕ್ಕ ಬೇಕಾಗುವುದು ಆಗಲೇ.

ಕಂಪ್ಯೂಟರಿನಲ್ಲಿ ಕೇಳಿದರೆ ಸುಮಾರು 13,990 ಕಿ.ಮೀ. ಎಂಬ ಉತ್ತರ ಕ್ಷಣಾರ್ಧದಲ್ಲಿ ದೊರೆಯುತ್ತದೆ. ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ಈ ಮಾರ್ಗದಲ್ಲಿ ಹಾರಿದ ವಿಮಾನ ಈ ದೂರವನ್ನು ಕ್ರಮಿಸಿದ್ದೂ ಇಲ್ಲ, ಇಷ್ಟೇ ಸಮಯ ತೆಗೆದುಕೊಂಡದ್ದೂ ಇಲ್ಲ. ಅಂಕಿ ಸುಳ್ಳಲ್ಲ, ಅದು ಬೇರೊಂದು ಪ್ರಶ್ನೆಗೆ ಕೊಟ್ಟ ಉತ್ತರವಷ್ಟೆ.

ಭೂಪಟ ಹೇಳುವ ಸುಳ್ಳು

ಭೂಮಿಯನ್ನು ಗೋಳವೆಂದು ಭಾವಿಸಿ, ಅದರ ಮೇಲಿನ ಎರಡು ಬಿಂದುಗಳ ನಡುವೆ ದಾರವೊಂದನ್ನು ಬಿಗಿದು ಹಿಡಿದರೆ ದೊರೆಯುವ ಅಂತರವೇ ಈ 13,990 ಕಿ.ಮೀ. ಇದನ್ನು ಮಹಾವೃತ್ತದ ದೂರ ಎನ್ನುತ್ತಾರೆ. ದೇವನಹಳ್ಳಿಯ ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿದೆ. ಇವೆರಡರ ನಡುವಿನ ಕೋನ ಸುಮಾರು 126 ಡಿಗ್ರಿ. ಭೂಮಿಯ ಮೇಲ್ಮೈಯಲ್ಲಿ ಪ್ರತಿ ಡಿಗ್ರಿಗೆ ಸುಮಾರು 111 ಕಿ.ಮೀ. ಉಳಿದದ್ದು ಗುಣಾಕಾರ.

ಒಂದು ಡಿಗ್ರಿಗೆ ನೆಲದ ಮೇಲೆ ಎಷ್ಟು ದೂರ ಎಂಬುದನ್ನು ಅಳೆಯುವ ದೊಡ್ಡ ಸಾಹಸಗಳಲ್ಲಿ ಒಂದಕ್ಕೆ ಬೆಂಗಳೂರೇ ಸಾಕ್ಷಿಯಾಗಿತ್ತು ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ನೂರು ಅಡಿಯ ಉಕ್ಕಿನ ಸರಪಣಿ ಹಿಡಿದು ಅಗರ ಮತ್ತು ಬಾಣಸವಾಡಿಗಳ ನಡುವೆ ಸುಮಾರು 12 ಕಿ.ಮೀ. ಉದ್ದದ ಮೂಲರೇಖೆಯನ್ನು ಅಳೆದ. ಮುಂದೆ ಹಿಮಾಲಯದವರೆಗೂ ಹಬ್ಬಿದ ತ್ರಿಕೋನಮಿತಿಯ ಮಹಾ ಸರ್ವೇಕ್ಷಣೆಗೆ ಅವನ ಆ ಕೆಲಸಗಳು ಪೀಠಿಕೆಯಾದವು. ಆ ರೇಖೆಗೆ ತುಸು ಪೂರ್ವದಲ್ಲೇ ನಂತರದ ಶತಮಾನದಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣ ತಲೆಯೆತ್ತಿತು.

ಶಾಲೆಯ ಗೋಡೆಯ ಮೇಲಿನ ಭೂಪಟ ನೋಡಿ ಬೆಳೆದವರಿಗೆ ಮಹಾವೃತ್ತದ ಹಾದಿ ವಿಚಿತ್ರವಾಗಿ ಕಾಣುತ್ತದೆ. ಭೂಪಟದಲ್ಲಿ ಬೆಂಗಳೂರಿನಿಂದ ಬಲಕ್ಕೆ ನೇರ ಗೆರೆ ಎಳೆದು, ಚೀನಾದ ದಕ್ಷಿಣ ಭಾಗ ಮತ್ತು ಪೆಸಿಫಿಕ್ ಸಾಗರ ದಾಟಿಸಿ ಕ್ಯಾಲಿಫೋರ್ನಿಯ ಮುಟ್ಟಿಸಿದರೆ ಆ ದೂರ ಸುಮಾರು 16,100 ಕಿ.ಮೀ. ಆಗುತ್ತದೆ. ಚಪ್ಪಟೆ ಕಾಗದದ ಮೇಲೆ ನೇರವಾಗಿ ಕಾಣುವ ಗೆರೆ ಗೋಳದ ಮೇಲೆ ಎರಡು ಸಾವಿರ ಕಿ.ಮೀ. ಸುತ್ತು. ನಿಜವಾದ ಹತ್ತಿರದ ಹಾದಿ ಬೆಂಗಳೂರಿನಿಂದ ಹೆಚ್ಚುಕಡಿಮೆ ಉತ್ತರಕ್ಕೇ ಹೊರಟು, ಸ್ವಲ್ಪವೇ ಪೂರ್ವಕ್ಕೆ ವಾಲಿ, ನೇಪಾಳ, ಟಿಬೆಟ್, ಮಂಗೋಲಿಯ ದಾಟಿ, ಸೈಬೀರಿಯದ ಉತ್ತರ ಕರಾವಳಿಯಾಚೆ 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೇಲಿಂದ ಇಳಿಯುತ್ತದೆ. ಅಮೆರಿಕಕ್ಕೆ ಹೋಗುವುದು ಪೂರ್ವದಿಂದಲೋ ಪಶ್ಚಿಮದಿಂದಲೋ ಎಂಬ ಹಳೆಯ ಚರ್ಚೆಗೆ ಗೋಳ ಕೊಡುವ ಉತ್ತರ: ಉತ್ತರದಿಂದ.

ಆದರೆ ಆ ಹಾದಿಯಲ್ಲೂ ವಿಮಾನ ಹಾರುವುದಿಲ್ಲ. ಮೊದಲ ಅಡ್ಡಿ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಅಕಸ್ಮಾತ್ ಕುಸಿದರೆ ಪೈಲಟ್ ಕೂಡಲೇ ವಿಮಾನವನ್ನು ಸುಮಾರು 10 ಸಾವಿರ ಅಡಿಗೆ, ಎಂದರೆ ಮೂರು ಸಾವಿರ ಮೀಟರಿಗೆ ಇಳಿಸಬೇಕು. ಪ್ರಯಾಣಿಕರು ಮುಖವಾಡವಿಲ್ಲದೆ ಉಸಿರಾಡಬಲ್ಲ ಎತ್ತರ ಅದು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಇಳಿಯಲು ಜಾಗವಿಲ್ಲ. ಹೀಗಾಗಿ ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಆ ಪ್ರದೇಶವನ್ನು ಬಳಸಿಕೊಂಡು ಹೋಗುತ್ತವೆ.

ಎರಡನೆಯದು ಗಾಳಿ. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಎಂದರೆ ವಿಮಾನಗಳು ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಜೆಟ್ ಗಾಳಿಯಿದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದುಂಟು. ಬೆನ್ನಿಗೆ ಸಿಕ್ಕರೆ ವರ, ಎದುರಾದರೆ ಶಾಪ. ಇದರ ಪರಿಣಾಮವನ್ನು ಬಿಡದಿಯ ಜನ ಹತ್ತಿರದಿಂದ ಬಲ್ಲರು. ಅಲ್ಲಿನ ಟೊಯೊಟಾ ಕಾರ್ಖಾನೆಯ ಕಾರಣದಿಂದ ಜಪಾನ್ ಜೊತೆ ಈ ಭಾಗಕ್ಕೆ ಎರಡು ದಶಕಕ್ಕೂ ಮೀರಿದ ನಂಟಿದೆ. 2020ರ ಮಾರ್ಚ್‌ನಲ್ಲಿ ಆರಂಭವಾಗಬೇಕಿದ್ದ ಜಪಾನ್ ಏರ್‌ಲೈನ್ಸ್‌ನ ಬೆಂಗಳೂರು–ಟೋಕಿಯೊ ನೇರ ಸೇವೆ ಕೋವಿಡ್ ಕಾರಣ ಮುಂದೂಡಲ್ಪಟ್ಟು ಬಳಿಕ ಶುರುವಾಯಿತು. ದೂರ ಎರಡೂ ಕಡೆಗೆ ಒಂದೇ, ಸುಮಾರು 6,700 ಕಿ.ಮೀ. ಆದರೆ ಹೋಗಲು ಸುಮಾರು 8 ಗಂಟೆ, ಬರಲು 10 ಗಂಟೆಯ ಆಸುಪಾಸು. ಒಂದೇ ರಸ್ತೆ ಹೋಗುವಾಗ ಇಳಿಜಾರು, ಬರುವಾಗ ಏರು ಎಂದು ಭಾವಿಸಿಕೊಂಡರೆ ಸಾಕು.

ಧ್ರುವದ ಮೇಲೊಂದು ಹಾರಾಟ

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಎಲ್ಲೂ ಇಳಿಯದ ಮೊದಲ ನಿಗದಿತ ವಿಮಾನ ಹಾರಿದ್ದು 2021ರ ಜನವರಿಯಲ್ಲಿ. ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ವಿಮಾನ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್ ಚಾಲನಾ ಕೊಠಡಿಯಲ್ಲಿದ್ದರು. ನಾಲ್ವರೂ ಮಹಿಳೆಯರು ಎಂಬ ಸಂಗತಿಗೆ ಆಗ ದೇಶದಾದ್ಯಂತ ಪ್ರಚಾರ ದೊರೆಯಿತು, ಅದು ತಕ್ಕದ್ದೇ. ಆದರೆ ಅವರು ಆರಿಸಿಕೊಂಡ ಹಾದಿಯ ಬಗೆಗಿನ ಚರ್ಚೆ ಅಷ್ಟಾಗಿ ನಡೆಯಲಿಲ್ಲ. ವಿಮಾನ ಉತ್ತರ ಧ್ರುವದ ಮೇಲಿಂದ ಬಂತು. ಕ್ರಮಿಸಿದ ದೂರ ಸುಮಾರು 16 ಸಾವಿರ ಕಿ.ಮೀ.

ಅಂದರೆ ಮಹಾವೃತ್ತಕ್ಕಿಂತ ಎರಡು ಸಾವಿರ ಕಿ.ಮೀ. ಹೆಚ್ಚು. ಹತ್ತಿರದ ದಾರಿ ಬಿಟ್ಟು ದೂರದ ದಾರಿ ಹಿಡಿಯುವುದು ಲಾಭವೇ? ಪಶ್ಚಿಮಾಭಿಮುಖವಾಗಿ ಬರುವ ವಿಮಾನಕ್ಕೆ ಜೆಟ್ ಗಾಳಿ ಎದುರು ಬೀಸುತ್ತದೆ. ಧ್ರುವದ ಸುತ್ತ ಆ ಗಾಳಿಯ ಅಬ್ಬರ ಕಡಿಮೆ. ನೆಲದ ಮೇಲಿನ ಕಿ.ಮೀ. ಹೆಚ್ಚಾದರೂ ಇಂಧನ ಮತ್ತು ಸಮಯದ ಲೆಕ್ಕದಲ್ಲಿ ಉಳಿತಾಯ. ವಿಮಾನ ಸಂಸ್ಥೆಗಳು ಪ್ರತಿ ಹಾರಾಟಕ್ಕೂ ಅಂದಂದಿನ ಗಾಳಿ ನೋಡಿ ಹಾದಿ ನಿರ್ಧರಿಸುತ್ತವೆ. ಸೋಮವಾರದ ವಿಮಾನ ಹೋದ ದಾರಿಯಲ್ಲೇ ಬುಧವಾರದ್ದು ಹೋಗಬೇಕೆಂದಿಲ್ಲ. ಎದುರು ದಿಕ್ಕಿನಲ್ಲಿ, ಬೆಂಗಳೂರಿನಿಂದ ಹೊರಡುವಾಗ, ಗಾಳಿಯ ಬೆನ್ನೇರಿ ಪೆಸಿಫಿಕ್ ಮೇಲೆ ಹೋಗುವುದೇ ಹಿತ.

ಧ್ರುವದ ಹಾದಿಗೆ ಅದರದೇ ಕಟ್ಟುಪಾಡುಗಳಿವೆ. ಅಲ್ಲಿ ಕಾಂತೀಯ ದಿಕ್ಸೂಚಿ ನಂಬಿಕೆಗೆ ಅರ್ಹವಲ್ಲ. ವಿಮಾನದ ಇಂಧನ, ಜೆಟ್ ಎ-1, ಮೈನಸ್ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇನ್ನೂ ಬೇಗ, ಮೈನಸ್ 40ಕ್ಕೇ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರುವುದು ಸಾಮಾನ್ಯ. ಟ್ಯಾಂಕಿನಲ್ಲಿನ ಇಂಧನದ ಉಷ್ಣತೆ ಇಳಿಯತೊಡಗಿದರೆ ಪೈಲಟ್ ಕೆಳಗಿಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಎರಡೇ ಎಂಜಿನ್‌ಗಳಿರುವ ವಿಮಾನಕ್ಕೆ ಒಂದು ಕೆಟ್ಟರೆ ನಿಗದಿತ ಸಮಯದೊಳಗೆ ಇಳಿಯಲು ನಿಲ್ದಾಣವೊಂದು ಎಟುಕಬೇಕು ಎಂಬ ನಿಯಮ ಬೇರೆ. ಇದು ಕಾಗದದ ಮೇಲಿನ ಎಚ್ಚರಿಕೆಯಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್ ಪಟ್ಟಣದಲ್ಲಿ ಇಳಿಯಿತು. ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಅಲ್ಲೇ ಉಳಿಯಬೇಕಾಯಿತು.

ಇನ್ನು ಗಡಿಗಳು. ಆಕಾಶಕ್ಕೂ ಬೇಲಿ ಉಂಟು. ಪಾಕಿಸ್ತಾನ 2019ರ ಫೆಬ್ರವರಿಯಿಂದ ಜುಲೈವರೆಗೆ, ಮತ್ತೆ 2025ರ ಏಪ್ರಿಲ್‌ನಲ್ಲಿ ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ಪಶ್ಚಿಮಕ್ಕೆ ಹೋಗುವ ಅನೇಕ ಸೇವೆಗಳು ಸುತ್ತಿ ಬಳಸಬೇಕಾಯಿತು. 2022ರಲ್ಲಿ ಯುಕ್ರೇನ್ ಯುದ್ಧ ಆರಂಭವಾದ ಮೇಲೆ ಅಮೆರಿಕದ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಯುನೈಟೆಡ್ ಸಂಸ್ಥೆ ಸ್ಯಾನ್ ಫ್ರಾನ್ಸಿಸ್ಕೋದಿಂದ, ಅಮೆರಿಕನ್ ಸಂಸ್ಥೆ ಸಿಯಾಟಲ್‌ನಿಂದ ಬೆಂಗಳೂರಿಗೆ ನೇರ ವಿಮಾನ ಹಾರಿಸುವುದಾಗಿ 2020ರಲ್ಲಿ ಘೋಷಿಸಿದ್ದವು. ಮೊದಲು ಕೋವಿಡ್, ಬಳಿಕ ಯುದ್ಧ. ಎರಡೂ ಸೇವೆಗಳು ಆರಂಭವಾಗಲೇ ಇಲ್ಲ. ಏರ್ ಇಂಡಿಯಾದ ನೇರ ಸೇವೆಯೂ ನಿಂತು, ಮತ್ತೆ ಆರಂಭಗೊಂಡು ಏರಿಳಿತ ಕಂಡಿತು. ಇಂತಹ ದೀರ್ಘ ಮಾರ್ಗಗಳು ಎಂದಿಗೂ ಖಾಯಂ ಅಲ್ಲವೆಂದು ತಿಳಿದೇ ಟಿಕೆಟ್ ಕಾಯ್ದಿರಿಸುವುದು ಕ್ಷೇಮ.

ಗಡಿಯಾರದ ಗೊಂದಲ

ಟಿಕೆಟ್ ಮೇಲಿನ ಸಮಯ ಓದುವಾಗ ಅನುಭವಿಗಳೂ ಎಡವುವುದುಂಟು. ಮೇಲೆ ಹೇಳಿದ ಮೊದಲ ವಿಮಾನದ್ದೇ ವೇಳಾಪಟ್ಟಿ ನೋಡೋಣ. ಹೊರಡುವುದು 9ರ ರಾತ್ರಿ 8.30ಕ್ಕೆ, ತಲಪುವುದು 11ರ ಬೆಳಗಿನ ಜಾವ 3.45ಕ್ಕೆ. ಬೆರಳೆಣಿಸಿದರೆ 31 ಗಂಟೆ 15 ನಿಮಿಷ. ಆದರೆ ಮೊದಲನೆಯದು ಕ್ಯಾಲಿಫೋರ್ನಿಯದ ಗಡಿಯಾರ, ಎರಡನೆಯದು ಭಾರತದ್ದು. ಚಳಿಗಾಲದಲ್ಲಿ ಇವೆರಡರ ನಡುವಿನ ಅಂತರ ಹದಿಮೂರೂವರೆ ಗಂಟೆ. ಅದನ್ನು ಕಳೆದರೆ ಉಳಿಯುವುದು 17 ಗಂಟೆ 45 ನಿಮಿಷ. ಇದೇ ನಿಜವಾದ ಪ್ರಯಾಣದ ಅವಧಿ.

ಹೋಗುವಾಗಿನ ಲೆಕ್ಕ ಇನ್ನೂ ಸೋಜಿಗ. ಜನವರಿಯ ಒಂದು ದಿನ ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದ ವಿಮಾನ ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತದೆ. ಗಡಿಯಾರದ ಪ್ರಕಾರ ಕೇವಲ ಎರಡೂವರೆ ಗಂಟೆ! ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಬೇಸಿಗೆಯಲ್ಲಿ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

ಈ ಅವಧಿಯೂ ಶುದ್ಧ ಹಾರಾಟದ ಸಮಯವಲ್ಲ. ವಿಮಾನ ತನ್ನ ನಿಲುಗಡೆಯ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ನಿಲುಗಡೆಗೆ ಬಂದು ನಿಲ್ಲುವವರೆಗಿನ ಸಮಯವನ್ನು ಸಂಸ್ಥೆಗಳು ಲೆಕ್ಕ ಹಿಡಿಯುತ್ತವೆ. ರನ್‌ವೇ ತುದಿಯಲ್ಲಿ ಸಾಲುಗಟ್ಟಿ ಕಾಯುವ ನಿಮಿಷಗಳು, ಇಳಿಯುವ ಮುನ್ನ ಆಕಾಶದಲ್ಲಿ ಸುತ್ತು ಹಾಕುವ ನಿಮಿಷಗಳು ಎಲ್ಲವೂ ಇದರಲ್ಲಿ ಸೇರಿವೆ. ತಡವಾಯಿತೆಂಬ ಅಪಖ್ಯಾತಿ ಬಾರದಿರಲೆಂದು ಒಂದಿಷ್ಟು ಹೆಚ್ಚುವರಿ ನಿಮಿಷಗಳನ್ನೂ ಸೇರಿಸಿರುತ್ತಾರೆ. ವಿಮಾನ ಅರ್ಧ ಗಂಟೆ ಮುಂಚಿತವಾಗಿ ಬಂತು ಎಂಬ ಸಂತಸದ ಹಿಂದೆ ಬಹುಪಾಲು ಇರುವುದು ಈ ಲೆಕ್ಕಾಚಾರವೇ.

ನೇರ ವಿಮಾನವಿಲ್ಲದಿದ್ದರೆ? ದುಬೈ ಮೂಲಕ ಹೋದರೆ ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 13,000 ಕಿ.ಮೀ. ಫ್ರಾಂಕ್‌ಫರ್ಟ್ ಮೂಲಕವಾದರೆ ಸುಮಾರು 7,400 ಮತ್ತು 9,100. ಒಟ್ಟು ದೂರದಲ್ಲಿ ಹೆಚ್ಚಾಗುವುದು ಸುಮಾರು 1,700ರಿಂದ 2,500 ಕಿ.ಮೀ., ಎಂದರೆ ಮೂರು ಗಂಟೆಯೊಳಗಿನ ಹಾರಾಟ. ಹೊರೆಯಾಗುವುದು ಈ ದೂರವಲ್ಲ, ನಡುವಿನ ಕಾಯುವಿಕೆ. ಅದಕ್ಕೂ ಮಿಗಿಲಾಗಿ, ಕನ್ನಡ ಬಿಟ್ಟು ಬೇರೆ ನುಡಿ ಅರಿಯದ ಅರವತ್ತೈದರ ತಾಯಿ ಅಪರಿಚಿತ ನಿಲ್ದಾಣದಲ್ಲಿ ಒಬ್ಬಳೇ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹೋಗಬೇಕಾದ ಆತಂಕ. ನೇರ ವಿಮಾನದ ಬೆಲೆ ಹೆಚ್ಚಾದರೂ ಅನೇಕ ಕುಟುಂಬಗಳು ಅದನ್ನೇ ಬಯಸಲು ಇದು ಮುಖ್ಯ ಕಾರಣ.

ಮೊದಲ ನೂರು ಕಿ.ಮೀ.

ಈವರೆಗಿನ ಎಲ್ಲ ಲೆಕ್ಕವೂ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ. ಮನೆಯಿಂದ ಮನೆಗೆ ಎಷ್ಟು ಎಂದು ಕೇಳಿದರೆ ಚಿತ್ರ ಬದಲಾಗುತ್ತದೆ.

2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಪಡೆದ ಈ ಪ್ರದೇಶಕ್ಕೆ ವಿಮಾನ ನಿಲ್ದಾಣ ಒಂದೇ ರಾತ್ರಿಯಲ್ಲಿ ದೂರ ಸರಿಯಿತು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಕಾರ್ಯಾರಂಭ ಮಾಡುತ್ತಿದ್ದಂತೆ ಎಚ್‌ಎಎಲ್ ನಿಲ್ದಾಣ ಸಾಮಾನ್ಯ ಪ್ರಯಾಣಿಕ ವಿಮಾನಗಳಿಗೆ ಮುಚ್ಚಿತು. ನಕ್ಷೆಯ ಮೇಲೆ ನೇರವಾಗಿ ಅಳೆದರೆ ರಾಮನಗರದಿಂದ ಎಚ್‌ಎಎಲ್ ಸುಮಾರು 50 ಕಿ.ಮೀ., ದೇವನಹಳ್ಳಿ 70 ಕಿ.ಮೀ. ಚನ್ನಪಟ್ಟಣಕ್ಕೆ ಅದು 60ರಿಂದ 80ಕ್ಕೆ ಏರಿತು. ಕನಕಪುರಕ್ಕೆ ಆದ ನಷ್ಟ ಎಲ್ಲಕ್ಕಿಂತ ಹೆಚ್ಚು, 52 ಇದ್ದದ್ದು 78. ಮಾಗಡಿಗೆ ವ್ಯತ್ಯಾಸ ಹತ್ತೇ ಕಿ.ಮೀ. ಇದು ಹಕ್ಕಿ ಹಾರುವ ದೂರ. ರಸ್ತೆಯ ಮೇಲೆ ರಾಮನಗರದಿಂದ 90, ಚನ್ನಪಟ್ಟಣದಿಂದ 100 ಕಿ.ಮೀ.ಗಳ ಆಸುಪಾಸು.

ನಾಲ್ಕು ಪಟ್ಟಣಗಳ ಪೈಕಿ ನಿಲ್ದಾಣಕ್ಕೆ ಅತ್ಯಂತ ಹತ್ತಿರವಿರುವ ಮಾಗಡಿಗೂ ಆ ನಿಲ್ದಾಣಕ್ಕೂ ಹೆಸರಿನ ನಂಟಿದೆ. 2013ರಲ್ಲಿ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿಡಲಾಯಿತು. 2022ರ ನವೆಂಬರ್‌ನಲ್ಲಿ ಅಲ್ಲಿ ಅವರ 108 ಅಡಿಯ ಪ್ರತಿಮೆ ಅನಾವರಣಗೊಂಡಿತು. ಆ ವಂಶ ಆಳಿದ ಕೋಟೆ ಇರುವುದು ಮಾಗಡಿಯಲ್ಲಿ. ಮಾಗಡಿಯವರಿಗೆ ಬೆಂಗಳೂರಿನೊಳಗೆ ಕಾಲಿಡದೆ ಸೋಲೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರಗಳ ಮೂಲಕ ದೇವನಹಳ್ಳಿ ತಲಪುವ ಅನುಕೂಲವೂ ಇದೆ. ಉಳಿದ ಮೂರು ಪಟ್ಟಣಗಳಿಗೆ ಬೆಂಗಳೂರು ಅಡ್ಡ ನಿಂತಿದೆ.

ದಟ್ಟಣೆಯ ವೇಳೆಯಲ್ಲಿ ಚನ್ನಪಟ್ಟಣದಿಂದ ದೇವನಹಳ್ಳಿಗೆ ಮೂರು ಗಂಟೆ ತಗಲುವುದು ಅಸಾಮಾನ್ಯವಲ್ಲ. ಅಷ್ಟು ಹೊತ್ತಿನಲ್ಲಿ ಜೆಟ್ ವಿಮಾನ 2,700 ಕಿ.ಮೀ. ಕ್ರಮಿಸುತ್ತದೆ, ಅದು ಬೆಂಗಳೂರಿನಿಂದ ದುಬೈಗಿರುವ ದೂರ. ವಿದೇಶ ಪ್ರಯಾಣಿಕರು ಮೂರು ಗಂಟೆ ಮುಂಚಿತವಾಗಿ ನಿಲ್ದಾಣದಲ್ಲಿರಬೇಕು. ಮಧ್ಯಾಹ್ನ 2.30ರ ವಿಮಾನವಾದರೆ ಬೆಳಿಗ್ಗೆ 8.30ಕ್ಕೇ ಮನೆ ಬಿಡಬೇಕು. ಹದಿನಾರು ಗಂಟೆ ವಿಮಾನ, ಆಚೆ ಬದಿಯಲ್ಲಿ ವಲಸೆ ತಪಾಸಣೆ ಮತ್ತು ಸಾಮಾನಿಗೆ ಒಂದೂವರೆ ಗಂಟೆ, ಮಗನ ಮನೆಗೆ ಒಂದು ಗಂಟೆ. ಎಲ್ಲ ಸೇರಿ ಇಪ್ಪತ್ನಾಲ್ಕೂವರೆ ಗಂಟೆ. ಅದರಲ್ಲಿ ಸುಮಾರು ಕಾಲು ಭಾಗ ವಿಮಾನ ಹೊರಡುವ ಮುನ್ನವೇ ಕಳೆಯುತ್ತದೆ. ಬೆಳಗಿನ ವಿಮಾನವಾದರೆ ನವೆಂಬರ್‌ನಿಂದ ಫೆಬ್ರವರಿವರೆಗಿನ ದೇವನಹಳ್ಳಿಯ ಮಂಜನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಪರಿಸ್ಥಿತಿ ಸುಧಾರಿಸಿಲ್ಲವೆಂದಲ್ಲ. 2023ರ ಮಾರ್ಚ್ 12ರಂದು ಅಧಿಕೃತವಾಗಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬೈಪಾಸ್ ಮೂಲಕ ದಾಟಿಸಿ ಕೆಂಗೇರಿಯವರೆಗಿನ ಸಮಯವನ್ನು ಗಣನೀಯವಾಗಿ ಇಳಿಸಿತು. ಕೆಂಗೇರಿಯಿಂದ ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆ ಸೇರಿದರೆ ನಗರದ ಹೊಟ್ಟೆಯನ್ನು ತಪ್ಪಿಸಬಹುದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೆಟ್ರೊ ನೇರಳೆ ಮಾರ್ಗ ಚಲ್ಲಘಟ್ಟದವರೆಗೆ ಬಂದಿತು, ಆದರೆ ಎರಡು ದೊಡ್ಡ ಪೆಟ್ಟಿಗೆಗಳೊಂದಿಗೆ ಅಮೆರಿಕಕ್ಕೆ ಹೊರಟವರಿಗೆ ಮೆಟ್ರೊ ಎಷ್ಟರಮಟ್ಟಿಗೆ ಉಪಯುಕ್ತ ಎಂಬುದು ಅನುಮಾನ. ನಿಜವಾದ ಬದಲಾವಣೆ ತರಬಲ್ಲದ್ದು ಉಪನಗರ ವರ್ತುಲ ರಸ್ತೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಕನಕಪುರ, ರಾಮನಗರ, ಮಾಗಡಿಗಳನ್ನು ಬಳಸಿ ಸುಮಾರು 280 ಕಿ.ಮೀ. ಸುತ್ತುವ ಯೋಜನೆಯಿದು. ದಾಬಸ್‌ಪೇಟೆಯಿಂದ ಹೊಸಕೋಟೆವರೆಗಿನ 80 ಕಿ.ಮೀ. ಭಾಗ ಮೊದಲು ಸಿದ್ಧಗೊಂಡು 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದು ವಿಮಾನ ನಿಲ್ದಾಣದ ಬದಿಯ ತುಣುಕು. ರಾಮನಗರ ಬದಿಯ ತುಣುಕು ಕೂಡಿಕೊಂಡರೆ ಮಾತ್ರ ಬೆಂಗಳೂರನ್ನು ಮುಟ್ಟದೆ ದೇವನಹಳ್ಳಿ ಸೇರುವುದು ಸಾಧ್ಯ.

ಎರಡನೇ ವಿಮಾನ ನಿಲ್ದಾಣದ ಮಾತೂ ಇದಕ್ಕೆ ಹೊಂದಿಕೊಂಡಿದೆ. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಮೂರು ಜಾಗಗಳನ್ನು ಪರಿಶೀಲಿಸಿತು. ಕನಕಪುರ ರಸ್ತೆಯ ಚೂಡಹಳ್ಳಿ ಮತ್ತು ಸೋಮನಹಳ್ಳಿ ಇವುಗಳಲ್ಲಿ ಎರಡು. ಮೂರನೆಯದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿದೆ. ಮೂರೂ ಈ ಜಿಲ್ಲೆಯ ಅಂಚಿನವೇ. ಸೋಮನಹಳ್ಳಿಯಾದರೆ ರಾಮನಗರಕ್ಕೂ ಕನಕಪುರಕ್ಕೂ ನೇರ ಅಳತೆಯಲ್ಲಿ 25 ಕಿ.ಮೀ. ಆಸುಪಾಸು, ಕುಣಿಗಲ್ ರಸ್ತೆಯಾದರೆ ಮಾಗಡಿಗೆ ಅನುಕೂಲ. ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ವಿಮಾನಕ್ಕೆ ಇದರಿಂದ ಹೆಚ್ಚಾಗುವುದು ಐವತ್ತು ಕಿ.ಮೀ., ಮೂರು ನಾಲ್ಕು ನಿಮಿಷದ ಹಾರಾಟ. ಆದರೆ ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ ಒಂದು ಷರತ್ತಿದೆ. ನಿಲ್ದಾಣ ಆರಂಭವಾದ 25 ವರ್ಷಗಳವರೆಗೆ, ಎಂದರೆ 2033ರ ಮೇ ತಿಂಗಳವರೆಗೆ, ಮೈಸೂರು ಮತ್ತು ಹಾಸನ ಬಿಟ್ಟರೆ 150 ಕಿ.ಮೀ. ಫಾಸಲೆಯೊಳಗೆ ಇನ್ನೊಂದು ಅಂತಾರಾಷ್ಟ್ರೀಯ ನಿಲ್ದಾಣಕ್ಕೆ ಅವಕಾಶವಿಲ್ಲ. ಈ 150 ಕಿ.ಮೀ. ಕೂಡ ರಸ್ತೆಯ ಲೆಕ್ಕವಲ್ಲ, ಹಕ್ಕಿ ಹಾರುವ ದೂರವೇ.